ಗೆರೆ ದಾಟಿದ ನೆರಳು

ಗಡಿಯ ಉತ್ತರ ಭಾಗದ ಕಾವಲು ಕೋಣೆಯಲ್ಲಿ ಇಬ್ಬರು ಸೈನಿಕರು ಸತ್ತು ಬಿದ್ದಿದ್ದಾರೆ. ಗುಂಡು ಹಾರಿಸಿದ್ದು ಯಾರು? ಪಾರ್ಕ್ ಚಾನ್-ವೂಕ್ ನಿರ್ದೇಶನದ ಕೊರಿಯನ್ ಸಿನಿಮಾ ‘ಜಾಯಿಂಟ್ ಸೆಕ್ಯುರಿಟಿ ಏರಿಯಾ’ (2000) ಶುರುವಾಗುವುದೇ ಹೀಗೆ. ಪತ್ತೇದಾರಿ ಕಥೆ ಅಂತ ನೋಡೋಕೆ ಕೂತವರಿಗೆ ಅರ್ಧ ದಾರಿಯಲ್ಲಿ ಬೇರೆಯೇ ಪ್ರಶ್ನೆ ಎದುರಾಗುತ್ತೆ. ಈ ಸೈನಿಕರು ಗೆಳೆಯರಾಗಿದ್ದರು ಎಂಬ ಸತ್ಯವನ್ನು ಯಾರಿಗೂ ಹೇಳಲಾಗದ್ದು ಯಾಕೆ?

ದಕ್ಷಿಣದ ಸೂ-ಹ್ಯೋಕ್ ಕತ್ತಲಲ್ಲಿ ನೆಲಬಾಂಬಿನ ಮೇಲೆ ಕಾಲಿಟ್ಟಾಗ ಅವನನ್ನು ಉಳಿಸುವವರು ಉತ್ತರದ ಇಬ್ಬರು ಸೈನಿಕರು. ಆಮೇಲೆ ಅವನು ರಾತ್ರಿ ಸೇತುವೆ ದಾಟಿ ಅವರ ಕೋಣೆಗೆ ಹೋಗತೊಡಗುತ್ತಾನೆ, ಜೊತೆಗಾರನನ್ನೂ ಕರೆದೊಯ್ಯುತ್ತಾನೆ. ಅಲ್ಲಿ ನಡೆಯುವುದೇನು? ಮಕ್ಕಳಾಟ, ಹಾಡು, ತಮಾಷೆ. ಹಗಲಲ್ಲಿ ಎದುರುಬದುರು ಕಾವಲು ನಿಂತಾಗ ಉತ್ತರದವನು ಎಚ್ಚರಿಸುತ್ತಾನೆ: ನಿನ್ನ ನೆರಳು ಗೆರೆ ದಾಟಿದೆ ನೋಡು. ನಗು ಬರುತ್ತೆ, ಆದರೆ ಆ ಗೆರೆಗಾಗಿಯೇ ಕೊನೆಗೆ ಜೀವ ಹೋಗುವುದು.

ನನಗೆ ತುಂಬಾ ಹಿಡಿಸಿದ್ದು ಚಾಕೊ ಪೈ ದೃಶ್ಯ. ದಕ್ಷಿಣಕ್ಕೆ ಬಂದುಬಿಡು, ಬೇಕಾದಷ್ಟು ತಿನ್ನಬಹುದು ಅನ್ನುತ್ತಾನೆ ಸೂ-ಹ್ಯೋಕ್. ಸಾರ್ಜೆಂಟ್ ಓ ಬಾಯಲ್ಲಿದ್ದದ್ದನ್ನು ಕೈಗೆ ಉಗುಳಿ, ಇದಕ್ಕಿಂತ ಒಳ್ಳೆಯ ತಿಂಡಿಯನ್ನು ನನ್ನ ದೇಶ ಮಾಡಬೇಕು, ಅದೇ ನನ್ನ ಕನಸು ಅನ್ನುತ್ತಾನೆ. ಆಮೇಲೆ ಅದನ್ನೇ ಮತ್ತೆ ಬಾಯಿಗೆ ಹಾಕಿಕೊಳ್ಳುತ್ತಾನೆ! ಸಾಂಗ್ ಕಾಂಗ್-ಹೋ ಅವರ ಈ ನಟನೆಯಲ್ಲಿ ಹಸಿವೂ ಇದೆ, ಸ್ವಾಭಿಮಾನವೂ ಇದೆ. ಸ್ನೇಹ ಆಯ್ತು ಅಂತ ಅವನು ತನ್ನ ದೇಶ ಬಿಡೋದಿಲ್ಲ. ಪಾರ್ಕ್ ಅವನನ್ನು ಕಟುಕನನ್ನೂ ಮಾಡಿಲ್ಲ, ಅಯ್ಯೋ ಪಾಪ ಅನ್ನಿಸುವವನನ್ನೂ ಮಾಡಿಲ್ಲ.

ಸಿನಿಮಾ ಸೋಲುವುದು ತನಿಖಾಧಿಕಾರಿ ಸೋಫಿಯ ವಿಷಯದಲ್ಲಿ. ಸ್ವಿಸ್ ಸೈನ್ಯದ ಈ ಮೇಜರ್ ಆಡುವ ಇಂಗ್ಲಿಷ್ ಮಾತು ಒಣಒಣ. ಅವಳ ತಂದೆ ಉತ್ತರ ಕೊರಿಯಾದ ಯುದ್ಧಕೈದಿ. ಎರಡೂ ಕೊರಿಯಾ ಬೇಡವೆಂದು ತಟಸ್ಥ ದೇಶ ಆರಿಸಿಕೊಂಡವರಲ್ಲೊಬ್ಬ. ಊರಿಗೆ ಮರಳಲು ಒಪ್ಪದ ಇಂಥ ಕೈದಿಗಳ ಹೊಣೆ ಹೊತ್ತ ಆಯೋಗಕ್ಕೆ 1953–54ರಲ್ಲಿ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಅಷ್ಟು ದೊಡ್ಡ ಕಥೆಯನ್ನು ಸಿನಿಮಾ ನಾಲ್ಕು ಮಾತಲ್ಲಿ ಮುಗಿಸಿಬಿಡುತ್ತೆ.

ಆದರೂ ಸೋಫಿ ಬೇಕಿತ್ತು. ಎರಡೂ ಸೈನ್ಯಗಳಿಗೆ ಬೇಕಾದದ್ದು ತಮಗೆ ಹೊಂದುವ ಸುಳ್ಳು. ಸತ್ಯ ಹುಡುಕುವವಳು ಅವಳೊಬ್ಬಳೇ, ಆದರೆ ಆ ಸತ್ಯವೇ ಕೊನೆಗೆ ಸೂ-ಹ್ಯೋಕ್‌ನ ಪ್ರಾಣ ತೆಗೆಯುತ್ತೆ. ಗೆಳೆಯನಿಗೆ ಮೊದಲು ಗುಂಡಿಟ್ಟವನು ನೀನೇ ಅಂತ ಅವಳಿಂದ ಕೇಳಿದ ಮೇಲೆ ಅವನು ಬದುಕಲಾರ. ಅವಳು ಅದನ್ನು ಹೇಳಬೇಕಿತ್ತಾ? ಎರಡನೇ ಸಲ ನೋಡಿದಾಗಲೂ ನನಗೆ ಉತ್ತರ ಸಿಗಲಿಲ್ಲ.

ಕೊನೆಯಲ್ಲಿ ಒಂದು ಫೋಟೊ. ಪ್ರವಾಸಿಯೊಬ್ಬ ಹಿಂದೆಂದೋ ಕ್ಲಿಕ್ಕಿಸಿದ ಆ ಚಿತ್ರದಲ್ಲಿ ಗಡಿಯ ಎರಡೂ ಕಡೆಯ ನಾಲ್ವರೂ ಇದ್ದಾರೆ. ತೆಗೆದವನಿಗೆ ಅವರ ಸ್ನೇಹದ ಸುಳಿವೇ ಇಲ್ಲ. ನಮಗೆ ಮಾತ್ರ ಗೊತ್ತು.