ಲಿಪಿಕಾರನ ಹೆಸರು ಮತ್ತು ನಮ್ಮ ಪ್ರಾಜೆಕ್ಟ್‌ಗಳು

ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ತಂದೆ-ತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂದು ಅದು ಬೋಧಿಸುತ್ತದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನ ಹೆಸರೂ ಇದೆ: ಚಪಡ. 'ಲಿಪಿಕಾರ' ಎಂಬ ಪದವನ್ನು ಮಾತ್ರ ಆತ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಮಾತು ರಾಜನದು, ಬರಹವಷ್ಟೇ ತನ್ನದು ಎಂಬುದು ಅವನಿಗೆ ಸ್ಪಷ್ಟವಿತ್ತು.

ಇದೇ ಶಾಸನದ ಬಗ್ಗೆ ಪಕ್ಕದ ಚಳ್ಳಕೆರೆಯ ವಿದ್ಯಾರ್ಥಿಗೆ ಪ್ರಾಜೆಕ್ಟ್ ಕೊಟ್ಟರೆ? ಹಿಂದೆ ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆಸಿ ಅಂಟಿಸುತ್ತಿದ್ದರು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಆ ಶ್ರಮವೂ ಬೇಕಿಲ್ಲ. ಪ್ರಶ್ನೆ ಹಾಕಿದರೆ ಪುಟಗಟ್ಟಲೆ ಉತ್ತರ. ಅದರಲ್ಲಿ ತಪ್ಪು ಇಸವಿ, ಇಲ್ಲದ ಗ್ರಂಥ ನುಸುಳಿರಬಹುದು, ಯಂತ್ರಕ್ಕೆ ಸಂಕೋಚವಿಲ್ಲ. ಕೆಳಗೆ ಹೆಸರು ಮಾತ್ರ ವಿದ್ಯಾರ್ಥಿಯದು.

ತಪ್ಪು ಮಕ್ಕಳದಷ್ಟೇ ಅಲ್ಲ. ಬಣ್ಣದ ಹೊದಿಕೆ, ಪುಟಗಳ ಸಂಖ್ಯೆ ನೋಡಿ ಅಂಕ ಕೊಟ್ಟು ನಕಲನ್ನು ಕಲಿಸಿದವರು ನಾವೇ. ಹಾಗೆಂದು ಮೊಬೈಲನ್ನು ನಿಷೇಧಿಸುವುದೂ ಪರಿಹಾರವಲ್ಲ. ಒಳ್ಳೆಯ ಗ್ರಂಥಾಲಯ ಕೈಗೆಟುಕದ ನೇಕಾರರ ಮಗುವಿಗೆ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ದೊಡ್ಡ ಆಸರೆ. ಆದರೆ ಅದು ಓದಿನ ಆರಂಭವಾಗಬೇಕೇ ಹೊರತು ಅಂತ್ಯವಲ್ಲ.

ಅಧ್ಯಾಪಕರು ಎದುರಿಗೆ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಲಿ: ಇದನ್ನು ಎಲ್ಲಿಂದ ತೆಗೆದೆ? ಸರಿಯೆಂದು ಹೇಗೆ ತಿಳಿದೆ? ಇದರಲ್ಲಿ ನಿನ್ನದೇನು? ಉತ್ತರ ಬಾರದಿದ್ದರೆ ಅಂಕ ಕಡಿಯುವ ಬದಲು ಒಮ್ಮೆ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಲಿ. ಬಂಡೆಯನ್ನು ಕಣ್ಣಾರೆ ಕಂಡ ಮಗು ನಾಲ್ಕೇ ಸಾಲು ಬರೆದರೂ ಸಾಕು, ಅವು ಅದರದೇ ಸಾಲುಗಳಾಗಿರುತ್ತವೆ.