ರಸೀದಿ ಓದುವ ವಕೀಲರು

ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಹೊರಬಿದ್ದು ಸ್ವಲ್ಪ ನಡೆದರೆ ಸಾಕು, ಮರದ ಮೆಟ್ಟಿಲಿನ ಹಳೇ ಕಟ್ಟಡಗಳು ಎದುರಾಗುತ್ತವೆ. ಬಾಲ್ಕನಿಗೆ ಕಬ್ಬಿಣದ ಆಸರೆ, ಗೋಡೆಯ ಬಿರುಕಿನಲ್ಲಿ ಅರಳಿ ಸಸಿ. ಇಂಥವುಗಳಲ್ಲಿ ಅನೇಕವು ದುರಸ್ತಿ ಕರ ಕಟ್ಟುವ ‘ಸೆಸ್’ ಕಟ್ಟಡಗಳು; 1940ರ ಸೆಪ್ಟೆಂಬರ್‌ಗೆ ಮುಂಚೆ ಎದ್ದವೆಲ್ಲ ‘ಎ’ ವರ್ಗ. ಒಳಗೆ ಪಗಡಿ ಬಾಡಿಗೆದಾರರು: ಹಿಂದೆಂದೋ ದೊಡ್ಡ ಮೊತ್ತ ಕೊಟ್ಟು ಬಂದು, ಈಗಲೂ ಚಿಲ್ಲರೆ ಬಾಡಿಗೆ ಕಟ್ಟುವವರು.

ಕಟ್ಟಡ ಕಾನೂನಿನ ವಕೀಲರಿಗೆ ಇಲ್ಲಿ ಮೊದಲ ಕೆಲಸ ಕೋರ್ಟಿನಲ್ಲಲ್ಲ, ತಗಡಿನ ಟ್ರಂಕಿನಲ್ಲಿ. ಅಜ್ಜನ ಹೆಸರಿನ ರಸೀದಿ, ಮಸುಕಾದ ಕರೆಂಟು ಬಿಲ್ಲು, ಮಡಿಕೆಯಲ್ಲೇ ಹರಿದ ನಕ್ಷೆ. ಅಡಿಗೆಮನೆ ಮಾಡಿಕೊಂಡ ಆ ಪಡಸಾಲೆಯ ತುಂಡು ಬಾಡಿಗೆಯ ಜಾಗವೋ, ಒತ್ತುವರಿಯೋ? ಇದನ್ನು ಬಿಡಿಸುವ ತಾಳ್ಮೆಗೇ ಅರ್ಧ ಫೀಸು ಕೊಡಬಹುದು.

ಮಹಾನಗರಪಾಲಿಕೆ 1888ರ ಕಾಯ್ದೆಯ 354ನೇ ಕಲಮಿನಡಿ ‘ಕಟ್ಟಡ ಅಪಾಯಕಾರಿ’ ಎಂಬ ನೋಟಿಸು ಅಂಟಿಸಿದ ದಿನ ಎಲ್ಲರದೂ ಒಂದೇ ಪ್ರಶ್ನೆ: ಕಟ್ಟಡ ಕೆಡವಿದರೆ ಹಕ್ಕೂ ಹೋಯಿತೇ?

ಇಲ್ಲ. ಶಾಹ ರತನ್‌ಸಿ ಖೀಮ್‌ಜಿ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್, ಕಟ್ಟಡ ನೆಲಸಮವಾದರೂ ಬಾಡಿಗೆ ಹಕ್ಕು ಅಳಿಯದು ಎಂದಿತು.

ಕಸುಬಿನ ನಿಜವಾದ ಸೊಗಸು ಇರುವುದು ಕಟ್ಟಡವನ್ನು ಮತ್ತೆ ಕಟ್ಟಲು ಬರುವ ಬಿಲ್ಡರ್ ಜೊತೆಗಿನ ಕರಾರಿನಲ್ಲಿ. ನಗರದ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯ 33(7)ನೇ ನಿಯಮದಡಿ ವಾಸದ ಬಾಡಿಗೆದಾರರಿಗೆ ಕನಿಷ್ಠ 300 ಚದರಡಿ ಕಾರ್ಪೆಟ್ ಜಾಗ ಸಿಗಬೇಕು. ನುರಿತ ವಕೀಲರು ಅಷ್ಟಕ್ಕೇ ಬಿಡುವುದಿಲ್ಲ. ಬಿಲ್ಡರ್ ಕೊಡುವ ತಾತ್ಕಾಲಿಕ ಮನೆಯ ಬಾಡಿಗೆ ‘ಕೆಲಸ ಮುಗಿಯುವವರೆಗೆ’ ಎಂದಿದ್ದರೆ ಅದನ್ನು ಹೊಡೆದು, ‘ಓಸಿ (ವಾಸಯೋಗ್ಯ ಪ್ರಮಾಣಪತ್ರ) ಬಂದು ಕೀಲಿ ಕೈಗೆ ಸಿಗುವವರೆಗೆ’ ಎಂದು ಬರೆಸುತ್ತಾರೆ. ಆಮೇಲೆ ಮೂರನೇ ಮಹಡಿಯ ಅಜ್ಜಿಗೆ ಅದನ್ನೇ ಮರಾಠಿಯಲ್ಲೋ ಗುಜರಾತಿಯಲ್ಲೋ ಇನ್ನೊಮ್ಮೆ ಓದಿ ಹೇಳುತ್ತಾರೆ.