ಯಮಕವೋ, ಪ್ರಾಸವೋ?

ಮರಾಠಿಯಲ್ಲಿ ಸಾಲುಗಳ ಕೊನೆಯ ನಾದಸಾಮ್ಯಕ್ಕೆ ‘ಯಮಕ’ವೆಂದು ಹೆಸರು, ಕನ್ನಡದಲ್ಲಿ ಅದು ಅಂತ್ಯಪ್ರಾಸ. ಎರಡೂ ನುಡಿಗಳನ್ನು ಕೇಳುತ್ತ ಬೆಳೆಯುವ ಜತ್ತ ತಾಲೂಕಿನ ವಿದ್ಯಾರ್ಥಿಯು ಇಲ್ಲಿ ಎಡವಿದರೆ ಅದು ಅವನ ದಡ್ಡತನವಲ್ಲ. ಒಂದೇ ಸಂಸ್ಕೃತ ಪದವು ಎರಡು ಮನೆಗಳಲ್ಲಿ ಎರಡು ಅರ್ಥ ತಳೆದಿದೆ.

ನಮ್ಮಲ್ಲಿ ಯಮಕವೆಂದರೆ ಅದೇ ಅಕ್ಷರಸಮೂಹವು ಬೇರೆ ಅರ್ಥದಿಂದ ಮರಳಿ ಬರುವುದು: “ಬರ ಬಂದು ಕಣದಲ್ಲಿ ಕಣವೂ ಉಳಿಯಲಿಲ್ಲ.” ಮೊದಲನೆಯದು ರಾಶಿಯ ಕಣ, ಎರಡನೆಯದು ಕಾಳಿನ ಕಣ. ಇನ್ನು ಹಳಗನ್ನಡ ಕವಿಗಳ ಪ್ರಾಸವು ನಿಲ್ಲುವುದು ಪಾದದ ಎರಡನೆಯ ಅಕ್ಷರದಲ್ಲಿ. 10ನೆಯ ಶತಮಾನದ ನಾಗವರ್ಮನು ‘ಛಂದೋಂಬುಧಿ’ಯಲ್ಲಿ ಅದರ ಭೇದಗಳನ್ನು ವಿವರಿಸಿದ್ದಾನೆ.

ಆದುದರಿಂದ ಅಧ್ಯಾಪಕರು ಲಕ್ಷಣವನ್ನು ಬಾಯಿಪಾಠ ಮಾಡಿಸುವ ಮುನ್ನ ಪದ್ಯವನ್ನು ಗಟ್ಟಿಯಾಗಿ ಓದಿಸಲಿ. ಕಿವಿ ಮೊದಲು, ಹೆಸರು ಆಮೇಲೆ.